ಹೋಗಿ ಬರುವ ಕರೆಂಟು

ನಮ್ಮೂರಿನ ಕರೆಂಟು ಹೋಗುತ್ತದೆ, ಬರುತ್ತದೆ ಎಂದರೆ ಹೊರಗಿನವರು ನಗುತ್ತಾರೆ. ಎಲ್ಲ ಊರಲ್ಲೂ ಅದೇ ಗೋಳು ತಾನೆ ಎನ್ನುತ್ತಾರೆ. ಅವರಿಗೆ ಹೇಗೆ ತಿಳಿಸುವುದು? ಅವರ ಊರಲ್ಲಿ ಬಂದರೆ ಬೆಳಕು, ಹೋದರೆ ಕತ್ತಲೆ. ನಮ್ಮೂರಲ್ಲಿ ಬರುವಾಗಲೂ ಬೆಳಕು, ಹೋಗುವಾಗಲೂ ಬೆಳಕು. ಗುಡ್ಡದ ಮೇಲಿನ ಪವರ್‌ಹೌಸಿನಿಂದ ತಂತಿ ಹಿಡಿದು ನಿಧಾನವಾಗಿ ಬರುತ್ತದೆ, ಒಂದು ಚೊಂಬು ನೀರು ಕುಡಿದು ಮುಗಿಸುವಷ್ಟು ಹೊತ್ತು ಮನೆಯೊಳಕ್ಕೆ ನೂಕುತ್ತದೆ, ಆಮೇಲೆ ಮಗ್ಗುಲು ಬದಲಿಸಿ ಅಷ್ಟೇ ಹೊತ್ತು ಹಿಂದಕ್ಕೆ ಎಳೆಯುತ್ತದೆ. ಮಗ್ಗುಲು ಬದಲಿಸುವಾಗ ದೀಪ ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತದೆ, ಅಷ್ಟೆ. ಒಂದು ಸಲ ಬಸ್ ಡ್ರೈವರೊಬ್ಬ ನನ್ನ ಹಿಟ್ಟಿನ ಗಿರಣಿಯ ಮುಂದೆ ನಿಂತು, "ನಮ್ಮೂರಲ್ಲೂ ಹೀಗೇ ಅಮ್ಮಾ, ಸೆಕೆಂಡಿಗೆ ಐವತ್ತು ಸಲ ಹೋಗಿ ಬರುತ್ತೆ, ಬೇಗ ಬೇಗ ಮಾಡೋದ್ರಿಂದ ಕಣ್ಣಿಗೆ ಕಾಣಲ್ಲ" ಎಂದ. ನಂಬುವುದೋ ಬಿಡುವುದೋ. ಸೆಕೆಂಡಿಗೆ ಐವತ್ತು ಸಲ ಹೋಗಿ ಬರುವುದಕ್ಕೆ ಅದಕ್ಕೇನು ಬೇರೆ ಕೆಲಸವಿಲ್ಲವೇ?

ನಾವು ಹೊಂದಿಕೊಂಡಿದ್ದೇವೆ. ದೀಪಕ್ಕೆ, ಇಸ್ತ್ರಿ ಪೆಟ್ಟಿಗೆಗೆ, ನೀರು ಕಾಯಿಸುವ ಸುರುಳಿಗೆ ಕರೆಂಟು ಯಾವ ಕಡೆ ಹೋದರೂ ಒಂದೇ. ಅವಕ್ಕೆ ಓಡಾಟ ಬೇಕು, ದಿಕ್ಕು ಬೇಡ. ಮಿಕ್ಸಿ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ತಿರುಗುತ್ತದೆ, ಚಟ್ನಿ ನುಣ್ಣಗೇ ಆಗುತ್ತದೆ. ಫ್ಯಾನು ಮಾತ್ರ ಊದಿ ಊದಿ ಆಮೇಲೆ ಹೀರಿಕೊಳ್ಳುತ್ತದೆ, ಅದಕ್ಕೇ ನಮ್ಮೂರ ಹೆಂಗಸರು ಫ್ಯಾನಿನ ಕೆಳಗೆ ಕೂತಾಗ ಒಂದು ಕೈ ಸೆರಗಿನ ಮೇಲೆ ಇಟ್ಟುಕೊಂಡಿರುತ್ತಾರೆ. ತೊಂದರೆಯೆಲ್ಲ ಸೂಕ್ಷ್ಮದ ಸಾಮಾನುಗಳದ್ದು. ರೇಡಿಯೋ ಹೇಳಿದ ಸುದ್ದಿಯನ್ನೇ ಮರುಗಳಿಗೆ ನುಂಗಿಕೊಳ್ಳುತ್ತದೆ. ಮೊಬೈಲು ಬರುವಾಗ ತುಂಬಿಕೊಳ್ಳುತ್ತದೆ, ಹೋಗುವಾಗ ಬರಿದಾಗುತ್ತದೆ. ನಮ್ಮಲ್ಲಿ ಮೊಬೈಲು ಇರುವವರು ಅದರ ಗಾಜಿನಲ್ಲಿ ಕುಂಕುಮ ನೋಡಿಕೊಳ್ಳುತ್ತಾರೆ.

ನಮ್ಮ ಮಾತಿಗೂ ಇದೇ ಲೆಕ್ಕ. ಕರೆಂಟು ಬರುವಾಗ ಆಡಿದ್ದು ಅರ್ಧ ಮಾತು. ಹೋಗುವಾಗಲೂ ಅದನ್ನೇ ಆಡಿದರೆ ಪೂರ್ತಿ. ಎಮ್ಮೆ ವ್ಯಾಪಾರವಿರಲಿ, ಹೆಣ್ಣು ಕೊಡುವ ಮಾತಿರಲಿ, ದೀಪ ಹಾಕಿಕೊಂಡು ಎರಡೂ ಕಡೆ ಹೂಂ ಅನ್ನಬೇಕು. ಒಂದು ಕಡೆ ಹೂಂ ಅಂದು ಇನ್ನೊಂದು ಕಡೆ ಉಹೂಂ ಅಂದರೆ ಯಾರೂ ಕೋಪ ಮಾಡಿಕೊಳ್ಳುವುದಿಲ್ಲ, ಕಾಫಿ ಕುಡಿದು ಎದ್ದು ಹೋಗುತ್ತಾರೆ. ಆದರೆ ಎರಡೂ ಕಡೆ ಕೊಟ್ಟ ಮಾತು ಬೇಡವಾದರೆ, ಕೊಟ್ಟವರೇ ಕೂತು ಮತ್ತೆ ಎರಡೂ ಕಡೆ ಬೇಡ ಅನ್ನಬೇಕು. ಅವರ ಪರವಾಗಿ ಇನ್ನೊಬ್ಬರು ಹೇಳುವಂತಿಲ್ಲ. ಈ ಕಟ್ಟಳೆಯಿಂದಲೇ ನನ್ನ ಅಣ್ಣನ ಮಗಳು ದಾಕ್ಷಾಯಿಣಿ ಸಿಕ್ಕಿಬಿದ್ದಳು.

ನನ್ನ ಅಣ್ಣನ ಹೆಸರು ಪಂಚಾಕ್ಷರಪ್ಪ. ಹೆಸರಿನಲ್ಲಿ ಐದು ಅಕ್ಷರವಿದ್ದರೂ ಓದಲು ಬರೆಯಲು ಒಂದಕ್ಷರವೂ ಬಾರದು. ಊರ ಕೊನೆಯ ಬೀದಿಯಲ್ಲಿ ಅವನ ಮನೆ, ಪಕ್ಕದಲ್ಲೇ ನನ್ನ ಗಿರಣಿ. ಅತ್ತಿಗೆ ತೀರಿಕೊಂಡ ಮೇಲೆ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ಅಣ್ಣನ ಕಿವಿ ವರ್ಷಗಳ ಹಿಂದೆಯೇ ಪೂರ್ತಿ ಮುಚ್ಚಿಹೋಗಿತ್ತು. ಪಕ್ಕದಲ್ಲಿ ತಮಟೆ ಬಾರಿಸಿದರೂ ತಿರುಗಿ ನೋಡುತ್ತಿರಲಿಲ್ಲ. ಕೈಸನ್ನೆ ಮಾಡಿದರೆ, "ನಾನೇನು ಕೋತಿನಾ, ಕೈ ತೋರಿಸಿ ಕುಣಿಸೋಕೆ" ಎಂದು ಸಿಡುಕುತ್ತಿದ್ದ. ಕೊನೆಗೆ ದಾಕ್ಷಿ ಅವನನ್ನು ಹೊಳೆಯಾಚೆಯ ಪಟ್ಟಣಕ್ಕೆ ಕರೆದುಕೊಂಡು ಹೋಗಿ, ಕಿವಿಗೆ ಸಿಕ್ಕಿಸುವ ಮೆಷಿನ್ ಕೊಡಿಸಿಕೊಂಡು ಬಂದಳು. ಬಸ್ಸಿನಲ್ಲಿ ಬರುವಾಗ ಕಂಡಕ್ಟರನ ಸೀಟಿ, ಹಿಂದಿನ ಸೀಟಿನ ಕೂಸಿನ ಅಳು, ಕಿಟಕಿಯ ಗಾಜು ಗಡಗಡ ಅನ್ನುವುದು ಎಲ್ಲ ಕೇಳಿಸಿ ಅಣ್ಣ ದಾರಿಯುದ್ದಕ್ಕೂ ನಗುತ್ತಲೇ ಇದ್ದನಂತೆ.

ಸಂಜೆಗೆ ಮೆಷಿನ್ನಿನ ಬ್ಯಾಟರಿ ಮುಗಿಯಿತು. ಚಾರ್ಜಿಗೆ ಹಾಕಿದರು. ಬೆಳಿಗ್ಗೆ ನೋಡಿದರೆ ಹಾಕಿದಾಗ ಎಷ್ಟಿತ್ತೋ ಅಷ್ಟೇ. ನಮ್ಮ ಕರೆಂಟು ತುಂಬಿದ್ದನ್ನು ತಾನೇ ಬಳಿದುಕೊಂಡು ಹೋಗುತ್ತಿತ್ತು. ದಾಕ್ಷಿ ಸೋಲುವ ಪೈಕಿಯಲ್ಲ. ಬ್ಯಾಟರಿಯ ಗೊಡವೆಯೇ ಬೇಡವೆಂದು ಗೋಡೆಯಿಂದಲೇ ಒಂದು ವೈರು ಎಳೆದು ಮೆಷಿನ್ನಿಗೆ ಕಟ್ಟಿದಳು. ಅವತ್ತಿನಿಂದ ಅಣ್ಣ ಗೋಡೆ ಪಕ್ಕದ ಬೆಂಚಿನ ಮೇಲೆ, ಕಿವಿಯಿಂದ ವೈರು ಇಳಿಬಿಟ್ಟುಕೊಂಡು ಕೂರುವುದು ರೂಢಿಯಾಯಿತು. ಕರೆಂಟು ಬರುವಾಗ ಎಲ್ಲ ಚೆನ್ನಾಗಿ ಕೇಳಿಸುತ್ತಿತ್ತು. ಹೋಗುವಾಗ, ಕೇಳಿದ್ದೆಲ್ಲ ಬಂದ ದಾರಿಯಲ್ಲೇ ಹೊರಟುಹೋಗುತ್ತಿತ್ತು.

"ಅಪ್ಪಾ, ರಾತ್ರಿಗೆ ಉಪ್ಸಾರು ಮಾಡ್ಲಾ?" ಎಂದು ದಾಕ್ಷಿ ಕೇಳುವಳು.

"ಉಪ್ಸಾರೇ ಮಾಡು ತಾಯಿ, ಖಾರ ಸ್ವಲ್ಪ ಮುಂದಿರ್ಲಿ" ಎನ್ನುವನು ಅಣ್ಣ. ದೀಪ ಕಣ್ಣು ಮುಚ್ಚಿ ತೆರೆಯುವುದು. "ಏನೋ ಕೇಳ್ದೆ ಅಲ್ವಾ? ಏನು?"

ಬೇರೆ ಊರಾಗಿದ್ದರೆ ಇದನ್ನು ರೋಗ ಎನ್ನುತ್ತಿದ್ದರೋ ಏನೋ. ನಮ್ಮೂರಿನವರಿಗೆ ನಿಧಿ ಸಿಕ್ಕಿದಷ್ಟು ಖುಷಿಯಾಯಿತು. ಹೇಳಿಕೊಂಡರೆ ಪೂರ್ತಿ ಕೇಳುತ್ತಾನೆ, ಅಯ್ಯೋ ಪಾಪ ಅನ್ನುತ್ತಾನೆ, ಆಮೇಲೆ ಒಂದಿಷ್ಟೂ ಉಳಿಸಿಕೊಳ್ಳುವುದಿಲ್ಲ. ಇಂಥವನು ಯಾವ ಊರಲ್ಲಿ ಸಿಗುತ್ತಾನೆ ಹೇಳಿ. ಎದುರು ಮನೆಯ ಹಾಲಮ್ಮ ಬೆಳಿಗ್ಗೆ ಎದ್ದವಳೇ ಬಂದು ಅತ್ತೆಯ ಮೇಲಿನ ಸಿಟ್ಟೆಲ್ಲ ಅವನ ಕಿವಿಗೆ ಸುರಿದು, ಹಗುರವಾಗಿ ಹೋಗಿ ಅತ್ತೆಗೆ ಕಾಫಿ ಕೊಡುತ್ತಿದ್ದಳು. ಮಧ್ಯಾಹ್ನ ಆ ಅತ್ತೆಯೂ ಬರುತ್ತಿದ್ದಳು. ನನ್ನ ಗಿರಣಿಗೆ ಜೋಳ ತಂದವರು ಹಿಟ್ಟಾಗುವ ತನಕ ಅಣ್ಣನ ಬೆಂಚಿನ ಮೇಲೇ ಕೂರುತ್ತಿದ್ದರು. ನಾನೂ ಹೇಳಿಕೊಂಡಿದ್ದೇನೆ. ಏನು ಹೇಳಿಕೊಂಡೆ ಅನ್ನುವುದು ನಿಮಗೆ ಬೇಡ.

ಹೀಗಿರುವಾಗ ಮೊದಲನೆಯ ಬೀದಿಯ ನಾಗಭೂಷಣಪ್ಪ ಒಂದು ದಿನ ಬಿಳಿ ಪಂಚೆ ಉಟ್ಟು ಬಂದ. ಪವರ್‌ಹೌಸಿನ ಕೆಳಗೇ ಅವನ ಎಣ್ಣೆ ಗಾಣ. ಮನೆತನ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ನಾನು ಹಿಟ್ಟಿನ ಕೈಯಲ್ಲೇ ಹೋಗಿ ಬಾಗಿಲಲ್ಲಿ ನಿಂತೆ. ದಾಕ್ಷಿ ಕೆಲಸಕ್ಕೆ ಹೋಗಿದ್ದಳು. ನಾಗಭೂಷಣಪ್ಪ ಫ್ಯಾನನ್ನೇ ನೋಡುತ್ತಾ ಇದ್ದು, ಅದು ಊದಲು ಶುರುಮಾಡಿದ ಕೂಡಲೇ ಬಾಯಿ ತೆರೆದ.

"ಪಂಚಾಕ್ಷರಪ್ಪೋರೇ, ನಮ್ಮ ವೀರಭದ್ರಂಗೆ ನಿಮ್ಮ ದಾಕ್ಷಾಯಿಣೀನ ಕೊಡ್ತೀರಾ? ಮಗಳ ಥರ ನೋಡ್ಕೋತೀವಿ."

ಅಣ್ಣನಿಗೆ ಸಂತೋಷವಾಯಿತು. ದೊಡ್ಡ ಮನೆ, ಮನೆ ಬಾಗಿಲಿಗೇ ಬಂದು ಕೇಳುತ್ತಿದ್ದಾರೆ. "ಒಳ್ಳೇದಾಯ್ತು. ಅವಳನ್ನೂ ಒಂದ್ ಮಾತು ಕೇಳ್ಬೇಕು, ಆದ್ರೂ ನನ್ನ ಕಡೆಯಿಂದ ಆಗ್ಲಿ" ಎಂದ. ದೀಪ ಮುಚ್ಚಿ ತೆರೆಯಿತು. ಅಣ್ಣನ ಮುಖ ಬರಿದಾಯಿತು. ಎದುರಿಗೆ ದೊಡ್ಡ ಮನುಷ್ಯ ಕೂತಿದ್ದಾನೆ, ಏನೋ ಕೇಳಿದ್ದಾನೆ, ಉತ್ತರಕ್ಕೆ ಕಾಯುತ್ತಿದ್ದಾನೆ. ಏನು ಕೇಳಿದಿರಿ ಎನ್ನಲು ಅಣ್ಣನಿಗೆ ನಾಚಿಕೆ. ನಾಗಭೂಷಣಪ್ಪ ಮತ್ತೆ ಬಾಯಿ ತೆರೆಯಲೇ ಇಲ್ಲ, ನಗುತ್ತಾ ತಲೆಯನ್ನಷ್ಟೇ ಆಡಿಸಿದ.

"ಆಗ್ಲಿ, ಆಗ್ಲಿ" ಎಂದ ಅಣ್ಣ.

ನಾನು ಬಾಯಿ ಹಾಕುವಷ್ಟರಲ್ಲಿ ನಾಗಭೂಷಣಪ್ಪ ಎದ್ದು ನಿಂತಾಗಿತ್ತು. "ಎರಡೂ ಕಡೆ ಆಯ್ತು. ನೀವೇ ಸಾಕ್ಷಿ ಗಂಗಮ್ಮೋರೇ. ಬರೋ ಸೋಮವಾರ ವೀಳ್ಯದೆಲೆ ತರ್ತೀವಿ" ಎಂದು ನನಗೇ ಕೈ ಮುಗಿದು ಹೊರಟ.

ದಾಕ್ಷಿಯ ಕೆಲಸ ನಮ್ಮ ಬೀದಿಯ ಗೂಡು ಕಾಯುವುದು. ಗುಡ್ಡದ ಬುಡದ ಮೊದಲನೆಯ ಬೀದಿ ಬಿಟ್ಟು ಪ್ರತಿ ಬೀದಿಯ ತಲೆಗೂ ಇಂಥ ಒಂದು ಗೂಡಿದೆ. ಒಳಗೆ ಎರಡು ದೊಡ್ಡ ತಂತಿ ಸುರುಳಿ. ಗುಡ್ಡದಿಂದ ಬರುವ ಕರೆಂಟು ಒಂದು ಸುರುಳಿಗೆ ಬರುತ್ತದೆ, ಮನೆಗಳಿಗೆ ಹೋಗುವುದು ಇನ್ನೊಂದರಿಂದ. ಎರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ. ಅವಳು ಎಣ್ಣೆ ನೋಡಿ, ಇಲಿ ಓಡಿಸಿ, ಗುಡುಗಿನ ದಿನ ಬಾಗಿಲಲ್ಲೇ ಕೂತು ಕಾಯುತ್ತಾಳೆ. ಆ ಕೆಲಸವೆಂದರೆ ಅವಳಿಗೆ ಪ್ರಾಣ. ನಾನು ನಡೆದದ್ದನ್ನು ಹೇಳಿದಾಗ ಅವಳು ಎಣ್ಣೆಯ ಡಬ್ಬಿ ಕೆಳಗಿಟ್ಟು ಕೈ ಒರೆಸಿಕೊಂಡಳು.

"ಅತ್ತೆ, ಆ ವೀರಭದ್ರನ್ನ ನಾನು ಬಲ್ಲೆ" ಎಂದಳು. "ಗಾಣದ ಹತ್ರ ಸಿಕ್ಕಿದ್ದ. ಕರೆಂಟ್ ಬರುವಾಗ, ಮದುವೆ ಆದ್ಮೇಲೂ ಗೂಡು ನೋಡ್ಕೋ ಅಂದ. ಹೋಗುವಾಗ, ನಮ್ಮನೆ ಸೊಸೆ ಇಲಿ ಓಡಿಸ್ಕೊಂಡು ಕೂತ್ರೆ ಜನ ಏನಂತಾರೆ ಅಂದ. ಅವನ ಒಂದ್ ಮಾತೂ ಎರಡೂ ಕಡೆ ಒಂದೇ ಆಗಿದ್ದು ನಾನು ಕೇಳಿಲ್ಲ. ನಂಗೆ ಬೇಡ."

"ಬೇಡ ಅಂದ್ರೆ ಆಯ್ತು. ನಿಮ್ಮಪ್ಪಂಗೆ ಹೇಳು."

ಹೇಳಿದಳು. ಅದೇ ದೊಡ್ಡ ಸಂಕಟವಾಯಿತು. ಅಣ್ಣ ಹಟ ಮಾಡುವವನಾಗಿದ್ದರೆ ಜಗಳವಾಡಬಹುದಿತ್ತು. ಅವನು ಪ್ರತಿ ಸಲವೂ ಒಪ್ಪಿಕೊಳ್ಳುತ್ತಿದ್ದ. "ನಿಂಗೆ ಬೇಡ್ವಾ? ಹಂಗಾದ್ರೆ ಬೇಡ. ನಿಂಗಿಂತ ಹೆಚ್ಚಾ ಅವರು? ಕರ್ಸು ಅವರನ್ನ, ಮುಖದ ಮೇಲೇ ಹೇಳ್ತೀನಿ" ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ದೀಪ ಮುಚ್ಚಿ ತೆರೆಯುತ್ತಿತ್ತು. "ಯಾಕಮ್ಮ ಹಂಗೆ ನೋಡ್ತಿದೀಯ? ಊಟ ಆಯ್ತಾ?" ಎನ್ನುತ್ತಿದ್ದ. ಅವಳು "ಆಯ್ತಪ್ಪ" ಎಂದು ಎದ್ದು ಬರುತ್ತಿದ್ದಳು. ಬಂದು ನನ್ನ ಗಿರಣಿಯಲ್ಲಿ ಜೋಳದ ಮೂಟೆಯ ಮೇಲೆ ಕೂರುತ್ತಿದ್ದಳು. ಅತ್ತರೆ ನಾನೂ ಸಮಾಧಾನ ಮಾಡುತ್ತಿದ್ದೆ. ಅಳುತ್ತಲೂ ಇರಲಿಲ್ಲ. ಒಮ್ಮೆ ಮಾತ್ರ, "ಅತ್ತೆ, ಅಪ್ಪ ಆಗಲ್ಲ ಅಂದಿದ್ರೆ ಇಷ್ಟು ಬೇಜಾರಾಗ್ತಿರ್ಲಿಲ್ಲ" ಎಂದಳು.

ಮಾರನೆಯ ದಿನ ಗುಡ್ಡ ಹತ್ತಿದಳು. ಪವರ್‌ಹೌಸು ನೋಡಿಕೊಳ್ಳುವ ಭೈರಣ್ಣ ಒಳ್ಳೆಯವನು, ಸ್ವಲ್ಪ ಆತುರಗಾರ. ಕರೆಂಟನ್ನು ಹಿಂದಕ್ಕೆ ಎಳೆಯದೆ ಒಂದೇ ಕಡೆಗೆ ಬಿಡಲು ಆಗುತ್ತದೆಯೇ ಎಂದು ಅವಳು ಕೇಳಿದಳು. ಅವನು ಗಡ್ಡ ಕೆರೆದುಕೊಂಡು, "ಯಾರೂ ಇಲ್ಲೀ ತನಕ ಕೇಳಿರ್ಲಿಲ್ಲ. ಸನ್ನೆಗೋಲು ಒಂದೇ ಕಡೆ ಒತ್ತಿ ಹಿಡಿದ್ರೆ ಆಗ್ಬೋದು. ನಿಮ್ಮಪ್ಪನಿಗೋಸ್ಕರ ಇವತ್ತು ಸಂಜೆ ನೋಡೇಬಿಡಾಣ" ಎಂದ.

ಸಂಜೆ ನಾವೆಲ್ಲ ಅಣ್ಣನ ಬೆಂಚಿನ ಸುತ್ತ ಕೂತೆವು. ದೀಪ ಒಮ್ಮೆ ಮುಚ್ಚಿತು. ತೆರೆಯಲಿಲ್ಲ. ಬೀದಿಗೆ ಬಂದು ನೋಡಿದರೆ ನಮ್ಮ ಬೀದಿ ಕತ್ತಲೆ, ನಡುಬೀದಿ ಕತ್ತಲೆ, ಗುಡ್ಡದ ಬುಡದ ಮೊದಲನೆಯ ಬೀದಿ ಮಾತ್ರ ಮದುವೆ ಚಪ್ಪರದ ಹಾಗೆ ಝಗಝಗ. ಅವರಿಗೆ ಗೂಡಿಲ್ಲ, ಪವರ್‌ಹೌಸಿನಿಂದ ನೇರ ತಂತಿ. ನಾಗಭೂಷಣಪ್ಪನ ಮನೆಯವರು ಜಗುಲಿಗೆ ಬಂದು, ಕಣ್ಣು ಮಿಟುಕಿಸದ ದೀಪವನ್ನು ಹೊಗಳುವುದು ಇಲ್ಲಿಗೇ ಕೇಳಿಸುತ್ತಿತ್ತು. ಕೆಳಗಿನ ಬೀದಿಗಳವರು ಲಾಟೀನು ಹಿಡಿದು ಒಬ್ಬೊಬ್ಬರಾಗಿ ಹೊರಗೆ ಬಂದರು. ಹಾಲಮ್ಮನ ಅತ್ತೆ ಕತ್ತಲೆಯಲ್ಲಿ ಬೆಕ್ಕನ್ನು ತುಳಿದು ಬೆಕ್ಕಿಗೇ ಬೈಯುತ್ತಿದ್ದಳು. ಅಣ್ಣ ಒಳಗೆ ಒಬ್ಬನೇ, ಬರುವುದೂ ಇಲ್ಲದೆ ಹೋಗುವುದೂ ಇಲ್ಲದೆ, ಯಾರನ್ನೋ ಕರೆಯುತ್ತಾ ಕೂತಿದ್ದ.

ದಾಕ್ಷಿ ಗೂಡಿನ ಬಾಗಿಲು ತೆರೆದು ಲಾಟೀನು ಎತ್ತಿ ಹಿಡಿದಳು. ಗುಡ್ಡದ ಕಡೆಯ ಸುರುಳಿ ಬಿಸಿಯಾಗಿತ್ತು, ಮನೆಗಳ ಕಡೆಯದು ತಣ್ಣಗಿತ್ತು. ಆಗ ಅವಳಿಗೆ ಅರ್ಥವಾಯಿತು, ನಮಗೂ ಹೇಳಿದಳು. ಮುಟ್ಟದೆ ಇರುವ ಎರಡು ಸುರುಳಿಗಳಲ್ಲಿ ಒಂದು ತೂಗಿದರೆ ಇನ್ನೊಂದಕ್ಕೂ ತೂಗಾಟ ಹತ್ತುತ್ತದೆ. ಒಂದು ನೆಟ್ಟಗೆ ನಿಂತುಬಿಟ್ಟರೆ ಇನ್ನೊಂದಕ್ಕೆ ಸುದ್ದಿಯೇ ತಲುಪುವುದಿಲ್ಲ. ಅಷ್ಟು ಹೊತ್ತಿಗೆ ಭೈರಣ್ಣನೇ ಸನ್ನೆಗೋಲು ಕಟ್ಟಿಟ್ಟು, ಏದುಸಿರು ಬಿಡುತ್ತಾ ಗುಡ್ಡ ಇಳಿದು ಬಂದ.

"ಹಂಗಾದ್ರೆ ಗೂಡೇ ತೆಗೆದುಹಾಕಿ ನೇರ ತಂತಿ ಎಳೀರಿ" ಎಂದು ಯಾರೋ ಕೂಗಿದರು.

"ಎಳೆದ್ರೆ ಏನ್ಬಂತು?" ಎಂದ ಭೈರಣ್ಣ. "ಇಷ್ಟು ದೂರ ಮೆತ್ತಗೆ ಕಳಿಸಿದ್ರೆ ದಾರೀಲೇ ಸೊರಗಿ ತಂತಿ ಬಿಸಿ ಮಾಡ್ಕೊಂಡು ಕೂರುತ್ತೆ. ಅದಕ್ಕೇ ನಾನು ಮೇಲೆ ಜೋರು ಏರಿಸಿ ಕಳಿಸೋದು. ಆ ಜೋರನ್ನ ಹಂಗೇ ಮನೆಯೊಳಗೆ ಬಿಟ್ರೆ ದೀಪ ಸಿಡಿದುಹೋಗುತ್ತೆ. ಅದಕ್ಕೇ ಈ ಗೂಡಲ್ಲಿ ಇಳಿಸೋದು. ಹಂಗೆ ಇಳಿಸೋಕೆ ಅದು ತೂಗಾಡ್ತಾನೇ ಇರ್ಬೇಕು ಕಣ್ರಪ್ಪ."

"ತೂಗಾಡ್ಲಿ ಬಿಡಿ ಭೈರಣ್ಣ" ಎಂದಳು ದಾಕ್ಷಿ. "ನಮ್ಮಪ್ಪ ಒಬ್ರಿಗೆ ನೆಟ್ಟಗೆ ಬೇಕು ಅಂತ ಊರೆಲ್ಲ ಕತ್ತಲಲ್ಲಿ ಕೂರೋದು ಬೇಡ."

ಭೈರಣ್ಣ ಗುಡ್ಡ ಹತ್ತಿ ಹೋದ ಮೇಲೆ ದೀಪಗಳು ಮತ್ತೆ ಬಂದವು, ಮತ್ತೆ ಮಿಟುಕಿದವು. ಮೊದಲನೆಯ ಬೀದಿಯವರು ಗೊಣಗಿದರಂತೆ. ದಾಕ್ಷಿ ಮನೆಗೆ ಹೋಗದೆ ಗಿರಣಿಗೆ ಬಂದು ಮೂಟೆಯ ಮೇಲೆ ಕೂತಳು. ಬಾಕಿಯಿದ್ದ ರಾಗಿ ಬೀಸಿಬಿಡೋಣವೆಂದು ಗಿರಣಿ ಹಾಕಿ ಧೂಳಿನ ಫ್ಯಾನು ಬಿಟ್ಟೆ.

ಈ ಫ್ಯಾನಿನ ವಿಷಯ ಹೇಳಬೇಕು. ಗಿರಣಿಯಲ್ಲಿ ಹಿಟ್ಟಿನ ಧೂಳು ಹೊರಗೆ ಹೋಗದಿದ್ದರೆ ಉಸಿರು ಕಟ್ಟುತ್ತದೆ. ನಮ್ಮ ಫ್ಯಾನೋ, ಹೊರಗೆ ಊದಿದ ಧೂಳನ್ನು ತಾನೇ ವಾಪಸ್ ಎಳೆದು ನನ್ನ ಮುಖಕ್ಕೆ ಎರಚುತ್ತಿತ್ತು. ನಮ್ಮ ಯಜಮಾನರು ಬದುಕಿದ್ದಾಗ ಅದನ್ನು ಒಂದು ಪೆಟ್ಟಿಗೆಯೊಳಗೆ ಕೂರಿಸಿ, ಅದರ ಎರಡೂ ಬದಿಗೆ ಎರಡೆರಡು ತಗಡಿನ ಕದ ಹಾಕಿಸಿದ್ದರು. ಪ್ರತಿ ಬದಿಯಲ್ಲೂ ಒಂದು ಕದ ಕೋಣೆಯ ಗಾಳಿಯನ್ನು ಒಳಕ್ಕೆ ಮಾತ್ರ ಬಿಡುತ್ತದೆ, ಇನ್ನೊಂದು ಹಿತ್ತಲಿಗೆ ಹೊರಕ್ಕೆ ಮಾತ್ರ ಬಿಡುತ್ತದೆ. ಫ್ಯಾನು ಆ ಕಡೆಯಾದರೂ ಊದಲಿ, ಈ ಕಡೆಯಾದರೂ ಊದಲಿ, ಎರಡು ಕದ ತೆರೆದು ಎರಡು ಮುಚ್ಚಿ ಧೂಳು ಮಾತ್ರ ಕೋಣೆಯಿಂದ ಹಿತ್ತಲಿಗೇ ಹೋಗುತ್ತದೆ. ನಮ್ಮೂರಿನ ಗಿರಣಿಗಳಲ್ಲೆಲ್ಲ ಇದು ಮಾಮೂಲು. ದಿನವಿಡೀ ಟಪ್ ಟಪ್ ಎಂದು ಬಡಿದುಕೊಳ್ಳುವ ಆ ಕದಗಳನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ.

ದಾಕ್ಷಿ ಅವತ್ತು ನೋಡುತ್ತಿದ್ದಳು. ರಾಗಿ ಮುಗಿದರೂ ನೋಡುತ್ತಲೇ ಇದ್ದಳು. "ಅತ್ತೆ, ಊರ ಕರೆಂಟು ಅದರ ಪಾಡಿಗೆ ತೂಗಾಡ್ಲಿ. ನಮ್ಮಪ್ಪನ ಕಿವಿ ಹತ್ರ ಮಾತ್ರ ಇಂಥ ನಾಲ್ಕು ಕದ ಹಾಕಿದ್ರೆ?" ಎಂದಳು.

"ಕರೆಂಟಿಗೆ ಯಾವ ತಗಡು ಹಾಕ್ತೀಯೇ?"

"ಹಟದ ಕಲ್ಲು ಇದೆಯಲ್ಲ."

ನಮ್ಮ ಗುಡ್ಡದಲ್ಲಿ ಒಂದು ಜಾತಿಯ ಕರಿಕಲ್ಲು ಸಿಗುತ್ತದೆ. ಒಂದು ಮಗ್ಗುಲಿಂದ ಬಂದ ಕರೆಂಟನ್ನು ದಾಟಲು ಬಿಡುತ್ತದೆ, ಇನ್ನೊಂದು ಮಗ್ಗುಲಿಂದ ಬಂದರೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಮಕ್ಕಳು ಆಟವಾಡಿಕೊಳ್ಳುವುದು ಬಿಟ್ಟರೆ ಅದರಿಂದ ಯಾ‌ವ ಉಪಯೋಗವನ್ನೂ ಯಾರೂ ಕಂಡಿರಲಿಲ್ಲ. ದಾಕ್ಷಿ ನಾಲ್ಕು ಕಲ್ಲು ಆರಿಸಿ ತಂದು, ನನ್ನ ಫ್ಯಾನಿನ ಕದಗಳ ಲೆಕ್ಕದಲ್ಲೇ ಅವನ್ನು ಹಲಗೆಗೆ ಕಟ್ಟಿ, ಅಣ್ಣನ ವೈರಿಗೆ ಸೇರಿಸಿದಳು. ಅಣ್ಣ ಎರಡೂ ಕಡೆ ಕೇಳಿಸಿಕೊಂಡ. ಆದರೆ ಮಗ್ಗುಲು ಬದಲಾಗುವ ಗಳಿಗೆಗೆ ಕರೆಂಟೇ ಬತ್ತಿ, ಅವನು ಬೆಚ್ಚಿಬಿದ್ದು, ಹಿಡಿದುಕೊಂಡಿದ್ದ ಮಾತನ್ನೆಲ್ಲ ಕೆಡವಿಬಿಡುತ್ತಿದ್ದ. ಶನಿವಾರ ಹೀಗೇ ಕಳೆಯಿತು.

ಭಾನುವಾರ ಬೆಳಿಗ್ಗೆ ನಾನು ಬಚ್ಚಲಲ್ಲಿದ್ದೆ. ನಲ್ಲಿ ನಿಂತುಹೋಗಿತ್ತು, ಹಂಡೆಯ ನೀರಲ್ಲೇ ಸ್ನಾನ ಮಾಡುತ್ತಿದ್ದೆ. ಹೊರಗಿನಿಂದ ದಾಕ್ಷಿ, "ಅತ್ತೆ, ನಲ್ಲಿ ಬಂದಿಲ್ಲ ಅಂದ್ರಲ್ಲ, ಸ್ನಾನ ಹೆಂಗ್ಮಾಡ್ತಿದೀರ?" ಎಂದಳು. "ಹಂಡೆ ಇಲ್ವೇನೇ, ಬಂದಾಗ ತುಂಬಿಟ್ಟಿದ್ದು" ಎಂದೆ. ನಾನು ಸೀರೆ ಸುತ್ತಿಕೊಂಡು ಬರುವಷ್ಟರಲ್ಲಿ ನನ್ನ ದೊಡ್ಡ ಭರಣಿಯ ಮಾವಿನಕಾಯಿ ಉಪ್ಪಿನಕಾಯಿ ಸಿಕ್ಕಸಿಕ್ಕ ಪಾತ್ರೆಗಳಿಗೆ ಹಂಚಿಹೋಗಿತ್ತು. ಅವಳು ಆ ಪಿಂಗಾಣಿ ಭರಣಿಯ ಒಳಗೊಂದು, ಹೊರಗೊಂದು ತಗಡಿನ ಹಾಳೆ ಅಂಟಿಸುತ್ತಾ ಕೂತಿದ್ದಳು. ಕರೆಂಟು ಇದ್ದಾಗ ಇದರೊಳಗೆ ತುಂಬಿಕೊಂಡಿರುತ್ತದೆ, ಮಗ್ಗುಲು ಬದಲಿಸುವಾಗ ಇದರಿಂದ ಹರಿಯುತ್ತದೆ ಎಂದಳು. ಒಂದು ವರ್ಷದ ಉಪ್ಪಿನಕಾಯಿ. ನಾನು ಬೈದ ಬೈಗುಳ ಅಣ್ಣನಿಗೆ ಕೇಳಿಸದೇ ಇದ್ದದ್ದು ಒಳ್ಳೆಯದಾಯಿತು.

ಸುದ್ದಿ ಹಬ್ಬಿ ಮಧ್ಯಾಹ್ನಕ್ಕೆಲ್ಲ ಬೀದಿಯೇ ಬಂದು ಬಾಗಿಲಲ್ಲಿ ನಿಂತಿತು. ಎಲ್ಲರಿಗಿಂತ ಮುಂದೆ ಹಾಲಮ್ಮ, ಅವಳ ಹಿಂದೆ ಅವಳ ಅತ್ತೆ.

"ದಾಕ್ಷಿ, ಇನ್ಮೇಲೆ ಅವರಿಗೆ ಎಲ್ಲಾ ನೆನಪಿರುತ್ತಂತೆ ಹೌದಾ?" ಎಂದಳು ಹಾಲಮ್ಮ. "ನಾವು ಹಿಂದೆ ಹೇಳಿದ್ದೂ?"

"ಹಿಂದಿನದೆಲ್ಲ ಹೋಯ್ತು ಹಾಲಕ್ಕ. ಇನ್ಮುಂದಿನದು ಉಳಿಯುತ್ತೆ."

ಎಲ್ಲರೂ ಉಸಿರು ಬಿಟ್ಟರು. ಆಮೇಲೆ ಎಲ್ಲರ ಮುಖವೂ ಸಪ್ಪಗಾಯಿತು. "ಅಲ್ಲಾ, ಇನ್ಮುಂದೆ ನಾವೆಲ್ಲಿಗೆ ಹೋಗೋದು?" ಎಂದಳು ಅತ್ತೆ. "ಇಂಥ ದೇವರಂಥ ಮನುಷ್ಯನ್ನ ಯಾಕಮ್ಮ ಕೆಡಿಸ್ತೀಯ? ಹಿಂಗೇ ಎಷ್ಟು ನೆಮ್ಮದಿಯಾಗಿದಾರೆ."

ದಾಕ್ಷಿ ಭರಣಿಯಿಂದ ಕೈ ತೆಗೆದಳು. "ನಿಮಗೆಲ್ಲ ಮಾತು ಉಳಿಯದೇ ಇರೋ ಅಪ್ಪ ಬೇಕು. ನಂಗೆ ಉಳಿಯೋ ಅಪ್ಪ ಬೇಕು. ಅವರು ನಂಗೆ ಅಪ್ಪ ಅಲ್ವಾ?" ಎಂದಳು. ಜೋರಾಗಿಯೇನೂ ಹೇಳಲಿಲ್ಲ. ಹಾಲಮ್ಮನೇ ಮೊದಲು ತಲೆ ತಗ್ಗಿಸಿ, ಅತ್ತೆಯ ಕೈ ಹಿಡಿದು ರಸ್ತೆ ದಾಟಿಸಿದಳು. ಅವರಿಬ್ಬರೂ ಕೈ ಹಿಡಿದುಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸೋಮವಾರ ಬೆಳಿಗ್ಗೆ ಭರಣಿ ಸೇರಿಸಿ ಮುಗಿಯುವಷ್ಟರಲ್ಲಿ ಬೀದಿಯ ತುದಿಯಲ್ಲಿ ನಾಗಭೂಷಣಪ್ಪನ ಮನೆಯವರ ಸೀರೆ ಜರಿ ಕಾಣಿಸಿತು. ದಾಕ್ಷಿ ಹಳೆಯ ಸೀರೆಯಲ್ಲೇ, ಕೈಯೆಲ್ಲ ಅಂಟು, ಅಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಅಪ್ಪಾ, ನಂಗೆ ಈ ಮದುವೆ ಬೇಡ."

"ಯಾವ ಮದುವೆ?" ಎಂದ ಅಣ್ಣ. ಅವಳು ಹೇಳಿದಳು. ನಾಗಭೂಷಣಪ್ಪ ಬಂದದ್ದು, ಅಪ್ಪನೇ ಎರಡು ಸಲ ಆಗ್ಲಿ ಅಂದದ್ದು, ವೀರಭದ್ರನ ಎರಡು ನಾಲಿಗೆ, ತನ್ನ ಗೂಡು, ಎಲ್ಲ. ಹೇಳುತ್ತಾ ಹೇಳುತ್ತಾ ದೀಪದ ಕಡೆಗೇ ಅವಳ ಕಣ್ಣು. ದೀಪ ಮಂಕಾಯಿತು. ನಾನು ಸೆರಗು ಬಾಯಿಗಿಟ್ಟುಕೊಂಡೆ. ದೀಪ ಮತ್ತೆ ತೆರೆಯಿತು.

"ದೀಪ ಏನ್ ನೋಡ್ತಿದೀಯ?" ಎಂದ ಅಣ್ಣ. "ಬೇಡ ಅಂದ್ಯಲ್ಲ. ಕೇಳಿಸ್ತು." ಅಷ್ಟು ಹೇಳಿ ಅವನೇ ಬೆರಗಾಗಿ ಕೂತ. ಮಗಳ ಮುಖವನ್ನೇ ನೋಡಿದ. "ಇದನ್ನ ಮೊದ್ಲೂ ಹೇಳಿದ್ದೇನಮ್ಮ ನಂಗೆ?"

"ದಿನಾ ಹೇಳ್ದೆ ಅಪ್ಪಾ."

"ನಾನೇನಂದೆ?"

"ನಿಂಗೆ ಬೇಡ ಅಂದ್ರೆ ಬೇಡ ಅಂದ್ರಿ."

ಅಣ್ಣ ಅಂಟಾದ ಅವಳ ಕೈಯನ್ನು ತನ್ನ ಪಂಚೆಯ ಅಂಚಿನಿಂದ ಒರೆಸುತ್ತಾ ಕೂತ. ಅಷ್ಟರಲ್ಲಿ ಬೀಗರು ಬಂದರು.

ತಟ್ಟೆಗಳನ್ನು ಚಾಪೆಯ ಮೇಲೆ ಇಟ್ಟರು. ನಾಗಭೂಷಣಪ್ಪ ಕೂತು, ಫ್ಯಾನು ಊದುವುದನ್ನು ಕಾದು, ವೀಳ್ಯದೆಲೆ ಚಾಚಿದ. "ತಗೊಳ್ಳಿ ಪಂಚಾಕ್ಷರಪ್ಪೋರೇ."

"ಬೇಡ" ಎಂದ ಅಣ್ಣ.

ಜರಿ ಸೀರೆಗಳು ಸರಭರ ಎಂದವು. ನಾಗಭೂಷಣಪ್ಪ ಮಾತ್ರ ಗಾಬರಿಯಾಗಲಿಲ್ಲ. ಎಲೆ ಕೈಯಲ್ಲೇ ಹಿಡಿದುಕೊಂಡು, ನಗುತ್ತಾ, ದೀಪ ನೋಡುತ್ತಾ ಕಾದ. ಅವನಿಗೆ ಅಣ್ಣನ ಲೆಕ್ಕ ಗೊತ್ತಿತ್ತಲ್ಲ. ದೀಪ ಮಂಕಾಗಿ ತೆರೆದ ಮೇಲೆ ಮೆತ್ತಗೆ, ಕೂಸಿಗೆ ಹೇಳುವ ಹಾಗೆ, "ಹಂಗಾದ್ರೆ ತಗೊಳ್ಳಿ, ಆಗ್ಲಿ ತಾನೆ?" ಎಂದು ತಲೆಯಾಡಿಸಿದ.

"ಬೇಡ" ಎಂದ ಅಣ್ಣ. "ನನ್ನ ಮಗಳಿಗೆ ಬೇಡ. ನಂಗೂ ಬೇಡ."

ಎರಡೂ ಕಡೆ ಆಯಿತು. ಇನ್ನು ನಾಗಭೂಷಣಪ್ಪನೇ ಆಗಲಿ ಅವನಪ್ಪನೇ ಆಗಲಿ ಮಾತಾಡುವಂತಿರಲಿಲ್ಲ. ನಾನು ಪದ್ಧತಿಯ ಪ್ರಕಾರ ಕಾಫಿ ಕೊಟ್ಟೆ. ಅವರು ಕುಡಿಯುತ್ತಿರುವಾಗ ದೀಪ ಮತ್ತೆ ಮಂಕಾಗಿ ತೆರೆಯಿತು. "ಬೇಡ" ಎಂದ ಅಣ್ಣ. ಯಾರೂ ಏನೂ ಕೇಳಿರಲಿಲ್ಲ. ಅವರು ಲೋಟ ಇಟ್ಟರು, ತಟ್ಟೆ ಎತ್ತಿಕೊಂಡರು, ವೀರಭದ್ರ ಒಮ್ಮೆ ಈ ಚಪ್ಪಲಿ ಒಮ್ಮೆ ಆ ಚಪ್ಪಲಿ ಮೆಟ್ಟಿ ನೋಡಿದ. "ಬೇಡ" ಎಂದ ಅಣ್ಣ. ಬೀದಿಯ ತುದಿ ದಾಟಿ ಅವರ ತಲೆಗಳು ಮರೆಯಾದವು. ಅಣ್ಣ ಬೆಂಚಿನ ಮೇಲೆ ನೆಟ್ಟಗೆ ಕೂತು, ದೀಪ ಮಗ್ಗುಲು ಬದಲಿಸಿದಾಗಲೆಲ್ಲ ಒಂದು ಗಳಿಗೆ ಒಳಗೆ ತಡಕಾಡಿ ನೋಡಿಕೊಂಡು, "ಬೇಡ" ಎನ್ನುತ್ತಲೇ ಇದ್ದ.

"ಸಾಕು ಬಿಡಿ ಅಪ್ಪಾ" ಎಂದಳು ದಾಕ್ಷಿ. "ಅವರು ಹೋಗಿ ಎಷ್ಟೊತ್ತಾಯ್ತು."

"ಗೊತ್ತಮ್ಮ, ನೋಡ್ದೆ" ಎಂದ ಅಣ್ಣ. "ಇನ್ನೂ ಇದೆಯಾ ಅಂತ ನೋಡ್ಕೋತಿದೀನಿ." ದೀಪ ಮಂಕಾಗಿ ತೆರೆಯಿತು. ಅವನು ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕ. "ಇದೆ."

ದಾಕ್ಷಿ ಅವನ ಮಂಡಿಯ ಮೇಲೆ ತಲೆಯಿಟ್ಟು ಅತ್ತಳು. ಆ ಅಳು ಅಣ್ಣನಿಗೆ ಮೊದಲಿನಿಂದ ಕೊನೆಯ ತನಕ ಕೇಳಿಸಿತು.